ಹಟ್ಟಿಯ ಮಕ್ಕಳ ಕೈಗೆ ಯಾವ ಕಾದಂಬರಿ?

ನಾವು 'ಚೋಮನ ದುಡಿ'ಯ ಹೆಸರನ್ನು ಮೊದಲು ಕೇಳಿದ್ದು ಏಳನೇ ಕ್ಲಾಸಿನಲ್ಲಿ. ಪಾಠ ಬೇಗ ಮುಗಿದ ಒಂದು ಮಧ್ಯಾಹ್ನ ಕನ್ನಡದ ಮೇಷ್ಟ್ರು ಪುಸ್ತಕ ಮಡಚಿಟ್ಟು ಆ ಕಾದಂಬರಿಯ ಕತೆ ಹೇಳಿದರು. ಒಳ್ಳೆಯ ಮನುಷ್ಯ. ಹೇಳುತ್ತಾ ಹೇಳುತ್ತಾ ಅವರ ಗಂಟಲು ಕಟ್ಟಿದ್ದು ಈಗಲೂ ನೆನಪಿದೆ. ಆದರೆ ಚೋಮನ ಜಾತಿಯ ಹೆಸರು ಅವರ ಬಾಯಿಂದ ಬಂತೋ ಇಲ್ಲವೋ, ಮುಂದಿನ ಮೂರು ಸಾಲುಗಳು ತಿರುಗಿ ನಮ್ಮ ಬೆಂಚನ್ನು ನೋಡಿದವು. ನಮ್ಮ ಬೆಂಚಿನಲ್ಲಿ ನಾವು ನಾಲ್ಕು ಜನ, ನಾಲ್ಕೂ ಹಟ್ಟಿಯವರು. ಮೇಷ್ಟ್ರಿಗೆ ಅದು ಕಾಣಲಿಲ್ಲ. ಅವರು ಚೋಮನ ದುಃಖದಲ್ಲಿದ್ದರು.

ಮಾರನೇ ದಿನದಿಂದ ಆಟದ ಬಯಲಿನಲ್ಲಿ ನಮಗೆ ಹೊಸ ಹೆಸರು. ಚೆಂಡು ಬೇಲಿಯಾಚೆ ಬಿದ್ದರೆ 'ಲೇ ಚೋಮ, ತಕ್ಕೊಂಡು ಬಾ'. ಮನೆಗೆ ಬಂದು ಅವ್ವನ ಹತ್ತಿರ ಉಸಿರೆತ್ತಲಿಲ್ಲ. 'ಹಂಗಾರೆ ಇಸ್ಕೂಲು ಬ್ಯಾಡ ಬುಡು' ಅಂದುಬಿಟ್ಟಾಳು ಅನ್ನುವ ಹೆದರಿಕೆ. ಆ ಪುಸ್ತಕದ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಡಿಗ್ರಿಗೆ ಸೇರಿ ಹಾಸ್ಟೆಲಿನಲ್ಲಿ ಯಾರೋ ಬಿಟ್ಟುಹೋದ ಪ್ರತಿ ಕಣ್ಣಿಗೆ ಬೀಳುವವರೆಗೂ ಅದನ್ನು ಮುಟ್ಟಿರಲಿಲ್ಲ. ಒಂದು ರಾತ್ರಿಯಲ್ಲಿ ಓದಿ ಮುಗಿಸಿದೆವು. ಮೇಷ್ಟ್ರು ಹೇಳಿದ ಚೋಮ ಅಲ್ಲಿರಲಿಲ್ಲ. ಅಲ್ಲಿದ್ದವನು ಬರಿಯ ಅಳುಬುರುಕನಲ್ಲ. ಹಟಮಾರಿ, ಸಿಟ್ಟಿನವನು, ಕುಡುಕ, ಮಕ್ಕಳ ಮೇಲೆ ಜೀವ ಇಟ್ಟುಕೊಂಡವನು, ಎಲ್ಲರ ಬಾಯಿ ಮುಚ್ಚಿಸುವಂತೆ ದುಡಿ ಬಾರಿಸುವವನು. ನಮ್ಮಜ್ಜನ ಹಾಗೇ ಇದ್ದ.

ಇಷ್ಟನ್ನು ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಹಳ್ಳಿಗಳಲ್ಲಿ ಮೇಷ್ಟ್ರಾಗಿರುವ ಗೆಳೆಯರು ಪದೇ ಪದೇ ಕೇಳುತ್ತಾರೆ: 'ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಯಾವ ಕಾದಂಬರಿ ಕೊಡೋಣ? ಒಂದು ಪಟ್ಟಿ ಬರೆದುಕೊಡಿ.' ಪಟ್ಟಿ ಬರೆಯುವುದು ಸುಲಭ. ಹತ್ತು ಹೆಸರು ಬರೆದು ಕೆಳಗೆ ಗೀಟು ಎಳೆದರೆ ಆಯಿತು. ಆದರೆ ಆ ಹತ್ತು ಹೆಸರುಗಳಿಗೂ ಒಂದು ಚರಿತ್ರೆ ಇದೆ. ಯಾರ ಮನೆಯ ಪಡಸಾಲೆಯಿಂದ ಅವು ಹೊರಟವು, ಯಾರ ಬಾಗಿಲವರೆಗೆ ಬಂದವು, ಎಲ್ಲಿ ನಿಂತುಬಿಟ್ಟವು ಎಂದು ತಿಳಿಯದೆ ಪುಸ್ತಕ ಹಂಚಿದರೆ ನಮ್ಮ ಬೆಂಚಿಗೆ ಆದದ್ದೇ ಇನ್ನೊಂದು ಬೆಂಚಿಗೆ ಆಗುತ್ತದೆ.

ಮಂಗಳೂರಿನಿಂದ ಶುರು ಮಾಡೋಣ. 1892ರಲ್ಲಿ ಕುದ್ಮುಲ್ ರಂಗರಾಯರು ಅಲ್ಲಿ ಅಸ್ಪೃಶ್ಯರ ಮಕ್ಕಳಿಗೆಂದು ಶಾಲೆ ತೆರೆದರು. ತಮ್ಮ ಜಾತಿಯವರಿಂದಲೇ ಬೈಸಿಕೊಂಡರು, ದೂರವಾದರು. ಅದಾದ ಏಳು ವರ್ಷಕ್ಕೆ, 1899ರಲ್ಲಿ, ಅದೇ ಊರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅಂತ ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುವುದು ಇದನ್ನೇ. ಇಬ್ಬರೂ ಒಂದೇ ಊರಿನವರು, ಒಂದೇ ಸಾರಸ್ವತ ಸಮಾಜದವರು. ಒಬ್ಬರು ಕೇರಿಯ ಮಗುವಿಗೆ ಅ ಆ ಇ ಈ ಕಲಿಸಲು ಹೊರಟರು, ಇನ್ನೊಬ್ಬರು ಎಳೆಯ ವಿಧವೆಯೊಬ್ಬಳು ಮಡಿವಂತರ ಮನೆಯಿಂದ ಹೊರಬಿದ್ದು ಓದಿ, ಮರುಮದುವೆಯಾಗುವ ಕತೆ ಬರೆದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಮಡಿ ಹೆಂಗಸಿನ ಬೋಳುತಲೆಯ ಹಿಂದೆ ಎಷ್ಟು ಕ್ರೌರ್ಯ ಇದೆ ಎಂದು ಪೊಲೀಸು ಇಲಾಖೆಯಲ್ಲಿ ಕೆಲಸಕ್ಕಿದ್ದ ಆ ಮನುಷ್ಯ ಸರಿಯಾಗಿಯೇ ಕಂಡಿದ್ದರು. ಆದರೂ ಒಂದು ಮಾತು ಹೇಳಲೇಬೇಕು. ರಂಗರಾಯರ ಶಾಲೆಯ ಮಗು ಅಕ್ಷರ ಕೂಡಿಸಿ ಓದಲು ಕಲಿತಿದ್ದರೂ ಆ ಮೊದಲ ಕಾದಂಬರಿಯೊಳಗೆ ಅದಕ್ಕೆ ಕೂರಲು ಜಾಗವಿರಲಿಲ್ಲ. ಅಕ್ಷರ ಮತ್ತು ಕಾದಂಬರಿ ಒಂದೇ ಊರಿನಲ್ಲಿ ಹುಟ್ಟಿದವು, ಒಂದರ ಮುಖ ಒಂದು ನೋಡಲಿಲ್ಲ.

ಉತ್ತರದ ಕಡೆ ಗಳಗನಾಥರು. ಅವರೂ ಶಾಲಾ ಮಾಸ್ತರರೇ. ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, 'ಮಾಧವ ಕರುಣಾ ವಿಲಾಸ'ದಂಥ ಐತಿಹಾಸಿಕ ಕಾದಂಬರಿ ಬರೆದರು. ದಕ್ಷಿಣದಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದಿದ್ದರು. ಓದುವ ಚಟ ಹತ್ತಿಸಿದವರು ಇವರು, ಅದಕ್ಕೆ ಕೈಮುಗಿಯೋಣ. ಹೆಗಲ ಮೇಲೆ ಪುಸ್ತಕದ ಗಂಟು ಹೊತ್ತ ಲೇಖಕನ ಚಿತ್ರ ನಮ್ಮಂಥ ಸಣ್ಣ ಪತ್ರಿಕೆ ಮಾರುವವರಿಗೆ ಇವತ್ತಿಗೂ ಬಲ ಕೊಡುತ್ತದೆ. ಆದರೆ ಆ ಗಂಟು ಇಳಿದದ್ದು ಯಾರ ಜಗುಲಿಯ ಮೇಲೆ? ಓದು ಬಲ್ಲವರ ಜಗುಲಿಯ ಮೇಲೆ ತಾನೆ. ಓದು ಬಲ್ಲವರು ಯಾರಿದ್ದರು ಆಗ? ಊರಿನ ಕೊನೆಗೆ, ಕೆರೆ ಕೋಡಿಯ ಕೆಳಗೆ ಪುಸ್ತಕದ ಗಂಟು ಯಾಕೆ ಬರುತ್ತದೆ? ಹೀಗೆ ರಾಜರು, ಮಂತ್ರಿಗಳು, ಕತ್ತಿ, ಕುದುರೆ, ಪತಿವ್ರತೆಯರು ನಮ್ಮ ಮಕ್ಕಳ ಓದಿಗೆ ಮೊದಲ ಸರಕಾದರು. ಇಂದಿಗೂ ಶಾಲೆಯ ಬೀರು ತೆಗೆದರೆ ಮೊದಲ ಕೈಗೆ ಸಿಗುವುದು ಅದೇ ಸರಕು. ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ ಇರುತ್ತದೆ ಅನ್ನುವುದು ಬೇರೆ ಮಾತು.

ಇಲ್ಲಿ ಪಂಜೆ ಮಂಗೇಶರಾಯರನ್ನು ಬೇರೆಯಾಗಿ ನೆನೆಯಬೇಕು. ಮಕ್ಕಳಿಗೆಂದು ಪದ್ಯ ಬರೆದವರು ಎಂದಷ್ಟೇ ಅವರನ್ನು ಮೂಲೆಗೆ ಕೂರಿಸಿದ್ದೇವೆ. ಶಾಲೆಗಳ ಇನ್ಸ್‌ಪೆಕ್ಟರರಾಗಿ ಹಳ್ಳಿ ತಿರುಗಿದ ಆ ಮನುಷ್ಯ ತುಳುನಾಡಿನ ಪಾಡ್ದನಗಳಲ್ಲಿದ್ದ ಬಿಲ್ಲವ ವೀರರ ಕತೆಯನ್ನು 'ಕೋಟಿ ಚೆನ್ನಯ' ಎಂಬ ಗದ್ಯವಾಗಿ ಬರೆದರು. ಪಾಡ್ದನ ಅಂದರೆ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ, ಭೂತದ ಮುಂದೆ ನಿಂತು ಹೇಳುವವರ ಬಾಯಲ್ಲಿ ಉಳಿದುಬಂದ ಹಾಡು. ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು, ಬಲ್ಲಾಳನ ಪ್ರಾಣ ಉಳಿಸಿದವಳು. ಅವಳ ಅವಳಿ ಮಕ್ಕಳು ಅರಮನೆಯ ಅನ್ಯಾಯದ ಮುಂದೆ ತಲೆಬಾಗುವುದಿಲ್ಲ. ಗದ್ದೆಯ ಹಾಡು ಅಚ್ಚಿನ ಮನೆಗೆ ಹೋಗಿ, ಅಲ್ಲಿಂದ ಶಾಲೆಯ ಮಗುವಿನ ಕೈಗೆ ಬಂದ ಈ ದಾರಿ ಇದೆಯಲ್ಲ, ಅದೇ ನಾವು ಹುಡುಕುತ್ತಿರುವ ದಾರಿ. ಇದು ಹೆಚ್ಚು ದಪ್ಪದ ಪುಸ್ತಕವಲ್ಲ, ವಾಕ್ಯಗಳು ತಿಳಿಯಾಗಿವೆ. ಐದು-ಆರನೇ ಕ್ಲಾಸಿಗೆ ಇದರಿಂದಲೇ ಆರಂಭಿಸಿ ಅನ್ನುತ್ತೇವೆ.

ಈಗ ಚೋಮ. ಶಿವರಾಮ ಕಾರಂತರು 'ಚೋಮನ ದುಡಿ' ಪ್ರಕಟಿಸಿದ್ದು 1933ರಲ್ಲಿ. ರಂಗರಾಯರ ಶಾಲೆ ತೆರೆದು ನಲವತ್ತೊಂದು ವರ್ಷ ಆಗಿತ್ತು. ದುಡಿಯುವ ಹೊಲೆಯನೊಬ್ಬ ಕನ್ನಡ ಕಾದಂಬರಿಯ ನಟ್ಟನಡುವೆ ಬಂದು ಕೂತ. ಅವನಿಗೆ ಇರುವುದು ಒಂದೇ ಆಸೆ: ತನ್ನ ಎತ್ತು ಹೂಡಿ, ತನ್ನದೆನ್ನುವ ಒಂದು ತುಂಡು ನೆಲ ಉಳಬೇಕು. ಮೂಲದ ಆಳಿಗೆ ಬೇಸಾಯ ಕೂಡದು ಎಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸುತ್ತಾನೆ. ಒಬ್ಬ ಜ್ವರ ಹತ್ತಿ ಸಾಯುತ್ತಾನೆ, ಇನ್ನೊಬ್ಬ ಕ್ರಿಸ್ತನ ಮತಕ್ಕೆ ಸೇರಿ ಅಪ್ಪನಿಂದ ದೂರವಾಗುತ್ತಾನೆ. ಕಿರಿಯವನು ಹೊಳೆಯಲ್ಲಿ ಮುಳುಗುತ್ತಾನೆ; ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದ ಮಗುವಿಗೆ ಕೈ ಚಾಚುವವರಿಲ್ಲ. ಮತ ಬಿಟ್ಟರೆ ಭೂಮಿ ಸಿಗುತ್ತದೆ ಎಂದು ಹೊರಟ ಚೋಮ ತನ್ನ ಪಂಜುರ್ಲಿಯನ್ನು ಬಿಡಲಾರದೆ ಅರ್ಧದಾರಿಯಿಂದ ಹಿಂದಿರುಗುತ್ತಾನೆ. ಕೊನೆಗೆ ದುಡಿ ಬಾರಿಸುತ್ತಲೇ ಸಾಯುತ್ತಾನೆ. ಬಿ.ವಿ. ಕಾರಂತರ ಸಿನಿಮಾಕ್ಕೆ 1975ರ ಸ್ವರ್ಣಕಮಲ ಬಂದ ಮೇಲೆ ಓದು ಬಾರದವರಿಗೂ ಚೋಮ ಪರಿಚಯವಾದ.

ಇದನ್ನು ಮಕ್ಕಳಿಗೆ ಕೊಡಬೇಕೋ ಬೇಡವೋ ಎಂದು ನಮ್ಮ ಗೆಳೆಯರಲ್ಲೇ ಜಗಳ ಇದೆ. 'ಮೇಲುಜಾತಿಯ ಲೇಖಕ ಬರೆದ ಕರುಣೆಯ ಕತೆ, ಕೊನೆಗೆ ನಮ್ಮವನನ್ನು ಸಾಯಿಸುತ್ತಾರೆ, ಬೇಡ' ಅನ್ನುತ್ತಾರೆ ಒಬ್ಬರು. ನಮಗೆ ಈ ಮಾತು ಪೂರಾ ಒಪ್ಪಿಗೆಯಿಲ್ಲ. ಬೆಂಚಿನಲ್ಲಿ ಅವಮಾನ ತಿಂದವರು ನಾವೇ, ಆದರೂ ಒಪ್ಪಿಗೆಯಿಲ್ಲ. 1933ರಲ್ಲಿ ಭೂಮಿಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಪುಸ್ತಕವನ್ನು ನಮ್ಮ ಮಕ್ಕಳ ಕೈಯಿಂದ ಕಿತ್ತುಕೊಳ್ಳಲು ನಾವು ಯಾರು?

ಹೋದ ವರ್ಷ ಹಟ್ಟಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರದ ಓದಿಗೆ ಇದನ್ನೇ ತೆಗೆದುಕೊಂಡೆವು. ಆರನೇ ಕ್ಲಾಸಿನ ಹುಡುಗನೊಬ್ಬ ತಡೆದು ಕೇಳಿದ: 'ಅಣ್ಣ, ಅವುನು ಎತ್ತ ಮಾರ್ಬುಟ್ಟು ಸಾಲ ತೀರಿಸ್ಬೋದಿತ್ತಲ್ಲ? ಮಕ್ಕಳ್ನ ಯಾಕ ಕಳುಸ್ದ?' ನಾವು ಬಿ.ಎ.ದಲ್ಲಿ ಬರೆದ ಪ್ರಬಂಧಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಉತ್ತರ ನಾವು ಕೊಡುವ ಮೊದಲೇ ಪಕ್ಕದ ಹುಡುಗಿ ಕೊಟ್ಟಳು: 'ಎತ್ತು ಹೋದ್ರ ಉಳಾದು ಯಾತರ್ಲಿ?' ಅಷ್ಟೇ. ಎತ್ತು ಮಾರುವುದೆಂದರೆ ಆಸೆಯನ್ನೇ ಮಾರುವುದು ಎಂದು ಆ ಮಗುವಿಗೆ ಯಾರೂ ಹೇಳಿಕೊಡಲಿಲ್ಲ. ಅಲ್ಲಿಂದ ಮಾತು ಭೂಮಿಗೆ ಹೋಯಿತು. 1974ರ ಭೂಸುಧಾರಣೆ ತಿದ್ದುಪಡಿ ಉಳುವ ಗೇಣಿದಾರನಿಗೆ ಭೂಮಿ ಕೊಟ್ಟಿತು. ಚೋಮ ಗೇಣಿದಾರನಲ್ಲ, ಆಳು. ನಲವತ್ತೊಂದು ವರ್ಷ ಹೆಚ್ಚಿಗೆ ಬದುಕಿದ್ದರೂ ಆ ಕಾನೂನಿನಲ್ಲಿ ಅವನು ಅರ್ಜಿ ಹಾಕಲು ಗೇಣಿಯ ಚೀಟಿ ಇರುತ್ತಿರಲಿಲ್ಲ. ಮಕ್ಕಳು ಇದನ್ನು ಕೇಳಿಸಿಕೊಂಡರು, ತಮ್ಮ ಮನೆಯ ಅಜ್ಜಂದಿರಿಗೆ ಎಷ್ಟು ಕುಂಟೆ ಬಂತು ಎಂದು ಕೇಳಲು ಹೋದರು. ಕಾದಂಬರಿ ಪಾಠ ಅಂದರೆ ಇದು. ಪಾತ್ರಚಿತ್ರಣ ಬರೆಯಿರಿ, ಐದು ಅಂಕ ಅನ್ನುವುದಲ್ಲ.

ವ್ಯತ್ಯಾಸ ಎಲ್ಲಿದೆ ನೋಡಿ. ಅದೇ ಪುಸ್ತಕ. ನಮ್ಮ ಏಳನೇ ಕ್ಲಾಸಿನಲ್ಲಿ ಅದು ನಮ್ಮನ್ನು ತೋರಿಸುವ ಬೆರಳಾಯಿತು. ಭವನದಲ್ಲಿ ನಾವು ತೋರಿಸುವ ಬೆರಳಾಯಿತು. ಮೇಷ್ಟ್ರ ಅನುಕಂಪಕ್ಕೆ ಕೊರತೆ ಇರಲಿಲ್ಲ. ಆದರೆ ಕ್ಲಾಸಿನಲ್ಲಿ ಅವತ್ತು ಒಬ್ಬನೇ ಚೋಮ ಇದ್ದ, ಒಡೆಯರ ಹೆಸರನ್ನು ಯಾರೂ ಕೇಳಲಿಲ್ಲ. ಹೊಳೆಯ ದಡದಲ್ಲಿ ಕೈಕಟ್ಟಿ ನಿಂತವರು ಯಾರು, ಅವರ ಮೊಮ್ಮಕ್ಕಳು ಎಲ್ಲಿ ಕೂತಿದ್ದಾರೆ ಎಂದು ಕೇಳಿದ್ದರೆ ಮುಂದಿನ ಮೂರು ಸಾಲು ಹಿಂದೆ ತಿರುಗುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ಯೋಚಿಸುತ್ತಿತ್ತು. ಮೇಷ್ಟ್ರ ಕೆಲಸ ಮಾಡುವ ಗೆಳೆಯರೇ, ಈ ಪುಸ್ತಕ ಎತ್ತಿಕೊಳ್ಳುವಾಗ ಜಾತಿಯ ಹೆಸರಿನಿಂದ ಶುರು ಮಾಡಬೇಡಿ. ದುಡಿಯಿಂದ ಶುರು ಮಾಡಿ. ಅಥವಾ ಎತ್ತಿನಿಂದ.

ಚೋಮ ಬಂದ ಮೇಲೆ ಇಪ್ಪತ್ತೆರಡು ವರ್ಷಕ್ಕೆ, 1955ರಲ್ಲಿ, ನಿರಂಜನರ 'ಚಿರಸ್ಮರಣೆ' ಬಂತು. ಕಯ್ಯೂರು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನ ಹಳ್ಳಿ. 1956ರಲ್ಲಿ ಕೇರಳಕ್ಕೆ ಸೇರಿತು. ಜಮೀನ್ದಾರಿಕೆಯ ವಿರುದ್ಧ ರೈತರು ಸಂಘ ಕಟ್ಟಿದರು. 1941ರ ಮಾರ್ಚ್‌ನಲ್ಲಿ ಮೆರವಣಿಗೆಗೆ ಸಿಕ್ಕ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್. ಐದನೆಯವನಿಗೆ ವಯಸ್ಸು ಸಾಲದ್ದರಿಂದ ಗಲ್ಲು ತಪ್ಪಿತು. ವಯಸ್ಸು ಸಾಲದ್ದು! ಈ ಒಂದು ಸಂಗತಿ ಹೇಳಿದರೆ ಸಾಕು, ಎಂಟನೇ ಕ್ಲಾಸಿನ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಈ ಕಾದಂಬರಿಯನ್ನು ನಾವು ಮಕ್ಕಳಿಗೆ ಕೊಡಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಅದರೊಳಗಿನ ಮಾಸ್ತರು. ರೈತರ ಮನೆಯ ಹುಡುಗರಾದ ಅಪ್ಪು, ಚಿರುಕಂಡರಿಗೆ ಅಕ್ಷರದ ಜೊತೆಗೆ ಲೋಕವನ್ನೂ ಕಲಿಸುವವನು ಅವನು. ಊರಿಗೆ ಒಬ್ಬ ಮಾಸ್ತರು ಏನು ಮಾಡಬಲ್ಲ ಎಂದು ತಿಳಿಯಬೇಕಾದ ಮೇಷ್ಟ್ರುಗಳೂ ಇದನ್ನು ಓದಲಿ. ಇಲ್ಲಿ ಸಾವು ಇದೆ, ಆದರೆ ಚೋಮನ ಸಾವಿನಂತೆ ಒಂಟಿ ಗುಡಿಸಲಿನ ಸಾವಲ್ಲ. ಎರಡನ್ನೂ ಒಂದರ ಹಿಂದೆ ಒಂದು ಓದಿಸಿ. 1933ರ ಒಬ್ಬಂಟಿ ದುಡಿ, 1941ರ ಮೆರವಣಿಗೆ. ನಡುವೆ ಎಂಟೇ ವರ್ಷ, ಒಂದೇ ಜಿಲ್ಲೆ.

ಇಷ್ಟೆಲ್ಲ ಇದ್ದೂ 1973ರ ಹೊತ್ತಿಗೆ ನಮ್ಮವರು ಕಾಲೇಜಿನಲ್ಲಿ ಓದುತ್ತಿದ್ದುದು ಏನು? ಆ ವರ್ಷ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಅಂದರೆ ದನದ ಮೇವು. ನಾಡೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳಿಗೆ ಬೀದಿಯಲ್ಲಿ, ಹಾಸ್ಟೆಲಿನಲ್ಲಿ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಏಟು ತಿಂದವರಿಂದಲೇ ದಲಿತ ಚಳುವಳಿ ಕಟ್ಟಿಕೊಂಡಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಇದು ಈ ಪತ್ರಿಕೆ ಓದುವವರಿಗೆ ಗೊತ್ತಿರುವ ಕತೆ, ಬೆಳೆಸುವುದಿಲ್ಲ. ಒಂದೇ ಮಾತು: ಬಸವಲಿಂಗಪ್ಪನವರ ಮಾತಿನ ಒಳಗೆ ಇದ್ದದ್ದು ನಿಜವಾಗಿ ಶಾಲೆಯ ಮಗುವಿನ ಪ್ರಶ್ನೆ. ಈ ಪುಸ್ತಕದಲ್ಲಿ ನಾನು ಎಲ್ಲಿದ್ದೇನೆ? ಆ ಪ್ರಶ್ನೆಗೆ ಕಲ್ಲಿನಿಂದ ಉತ್ತರ ಕೊಟ್ಟರು.

ಸರಿಯಾದ ಉತ್ತರ ಬಂದದ್ದು ಅದೇ ದಶಕದ ಕೊನೆಗೆ, ನಂಜನಗೂಡು ಸೀಮೆಯಿಂದ. ದೇವನೂರ ಮಹಾದೇವರ 'ಒಡಲಾಳ'. ಚಿಕ್ಕ ಕಾದಂಬರಿ, ಒಂದು ಹಗಲು ಒಂದು ರಾತ್ರಿಯ ಅಳತೆಯದು. ಸಾಕವ್ವನ ಹುಂಜ ಕಳೆದುಹೋಗಿದೆ. ಹುಡುಕುತ್ತಾಳೆ, ಶಪಿಸುತ್ತಾಳೆ. ರಾತ್ರಿ ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ, ಕದ್ದದ್ದು. ಇಡೀ ಸಂಸಾರ ಬೆಂಕಿಯ ಸುತ್ತ ಕೂತು ತಿನ್ನುತ್ತದೆ. ತಿನ್ನುವುದು ಅಂದರೆ ಎಂಥ ತಿನ್ನುವುದು! ಕನ್ನಡದಲ್ಲಿ ಹಸಿವಿನ ಬಗ್ಗೆ ಬರೆದವರು ಬಹಳ ಜನ. ಹಸಿದವರು ಹೊಟ್ಟೆತುಂಬ ತಿನ್ನುವ ಸುಖದ ಬಗ್ಗೆ ಹೀಗೆ ಬರೆದವರನ್ನು ನಾವು ಬೇರೆ ಕಂಡಿಲ್ಲ. ಬೆಳಗಾದರೆ ಪೊಲೀಸರು. ಆ ಮನೆಯಲ್ಲಿ ಒಂದು ಮಗುವಿಗೆ ಡೆಪ್ಯುಟಿ ಕಮೀಷನರ ಹುದ್ದೆಯೇ ಹೆಸರು, ನಮ್ಮವರ ಬಾಯಲ್ಲಿ ತಿರುಚಿಕೊಂಡ ಹೆಸರು. ಗೋಡೆಯ ಮೇಲೆ ನವಿಲು.

ಇದನ್ನು ಭವನದಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಬಾಗಿಲ ಹತ್ತಿರ ಮೊರದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ, 'ಅಯ್, ಇದ್ಯಾರ್ಲ ಬರ್ದವ್ರು? ನಮ್ಮನ ಕತಯಲ್ವ ಇದು' ಅಂದರು. ಆಮೇಲೆ ಪ್ರತಿ ಭಾನುವಾರ ಅವರೇ ಮೊದಲು ಬಂದು ಕೂತರು. ನಾವು ತಪ್ಪಾಗಿ ಉಚ್ಚರಿಸಿದ ಒಂದೆರಡು ಮಾತನ್ನು ತಿದ್ದಿದರು ಕೂಡ. ಹದಿನೈದು ವರ್ಷ ಶಾಲೆ ಕಾಲೇಜಿನಲ್ಲಿ ನಮ್ಮ ಮಾತನ್ನು ಎಲ್ಲರೂ ತಿದ್ದಿದ್ದರು, 'ಹಂಗಲ್ಲ, ಹಾಗೆ ಅನ್ನು' ಅಂತ. ಪುಸ್ತಕದ ಮಾತನ್ನು ನಮ್ಮ ಹಟ್ಟಿಯ ಅಜ್ಜಿ ತಿದ್ದಿದ್ದು ಅದೇ ಮೊದಲು.

ಒಂದು ಎಚ್ಚರಿಕೆ. ರಾಯಚೂರು, ಬೀದರಿನ ಮಕ್ಕಳಿಗೆ ಈ ನಂಜನಗೂಡಿನ ಆಡುಮಾತು ಮೊದಲ ಎರಡು ಪುಟ ತೊಡಕಾಗುತ್ತದೆ. ಕಣ್ಣಿನಲ್ಲಿ ಓದಿದರೆ ಕಷ್ಟ, ಕಿವಿಯಲ್ಲಿ ಕೇಳಿದರೆ ಬಿಡಿಸಿಕೊಳ್ಳುತ್ತದೆ. ಮಹಾದೇವರ ಇನ್ನೊಂದು ಕಾದಂಬರಿ 'ಕುಸುಮಬಾಲೆ' (1984) ಈ ವಯಸ್ಸಿಗೆ ಬೇಡ. 1990ರ ಕೇಂದ್ರ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅಂತ ಉತ್ಸಾಹದಲ್ಲಿ ಮಕ್ಕಳ ಮುಂದೆ ಇಟ್ಟರೆ ಅವಕ್ಕೆ ಓದೇ ಬೇಸರ ಬಂದೀತು. ಅದು ಅವರಿಗಾಗಿ ಕಾಯುತ್ತದೆ, ಎಲ್ಲಿಗೂ ಹೋಗುವುದಿಲ್ಲ.

'ಕಾದಂಬರಿ ಮಕ್ಕಳಿಗೆ ದೊಡ್ಡದಾಯಿತು, ಕತೆ ಸಾಕು' ಎಂಬ ಮಾತನ್ನು ಶಾಲೆಗಳಲ್ಲಿ ಬಹಳ ಕೇಳಿದ್ದೇವೆ. ಯಾವ ಮಕ್ಕಳಿಗೆ? ನಮ್ಮ ಕಡೆ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ಮಂಟೇಸ್ವಾಮಿಯ ಕತೆ ತೆಗೆದರೆ ಕೋಳಿ ಕೂಗುವವರೆಗೂ ಹಾಡುತ್ತಾರೆ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋದ ಭಾಗ ಬರುವ ಹೊತ್ತಿಗೆ ನಡುರಾತ್ರಿ. ಅವ್ವನ ಸೆರಗಿನೊಳಗೆ ಮುದುರಿ ಕೂತ ಎಂಟು ವರ್ಷದ ಮಗುವೂ ಆಗ ಎಚ್ಚರವಾಗಿಯೇ ಇರುತ್ತದೆ. ಅಷ್ಟು ಉದ್ದದ ಕತೆಯನ್ನು, ಅಷ್ಟು ಜನರ ಹೆಸರನ್ನು, ಇಷ್ಟು ಕವಲುಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವ ಮಗುವಿಗೆ ನೂರು ಪುಟದ ಪುಸ್ತಕ ದೊಡ್ಡದೆ? ದೊಡ್ಡದಾಗಿರುವುದು ಪುಸ್ತಕದ ಉದ್ದವಲ್ಲ, ಪುಸ್ತಕದ ಭಾಷೆಯೂ ಅದರ ಮಡಿಯೂ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ದಪ್ಪ ಪುಸ್ತಕ, ಏಳನೇ ಕ್ಲಾಸಿನ ಮಗು ತಾನೇ ಓದಲಾರದು, ನಿಜ. ಆದರೆ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ದಾರಿಯನ್ನು ಮೇಷ್ಟ್ರು ವಾರಕ್ಕೊಂದು ತುಂಡಾಗಿ ಹೇಳಬಹುದಲ್ಲ. ಕೇರಿಯ ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಹೊರಟೇಬಿಡುತ್ತಾನೆ. ಅವನು ಅಳುವುದಕ್ಕೆಂದು ಕಾದಂಬರಿಗೆ ಬಂದವನಲ್ಲ.

ಮಕ್ಕಳಿಗೆ ಅಳು ಮಾತ್ರ ಕೊಡಬೇಡಿ ಎಂದು ಹೇಳುವಾಗ ನಮಗೆ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುವ ಈ ಕಾದಂಬರಿ ಮಕ್ಕಳಿಗೆಂದೇ ಬರೆದದ್ದಲ್ಲ. ಮಕ್ಕಳು ತಾವಾಗಿ ವಶಪಡಿಸಿಕೊಂಡದ್ದು. ಊರಿನವರು ಕೆಲಸಕ್ಕೆ ಬಾರದವನೆಂದು ತಿಳಿದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾನೆ. ಪರೀಕ್ಷೆಯಲ್ಲಿ ಮುಗ್ಗರಿಸುವ, ಆದರೆ ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ ಎಂದು ಬಲ್ಲ ಹುಡುಗರು ಪ್ರತಿ ಹಳ್ಳಿ ಶಾಲೆಯಲ್ಲೂ ಇದ್ದಾರೆ. ಅವರು ಸಾಮಾನ್ಯವಾಗಿ ಕೊನೆಯ ಬೆಂಚಿನಲ್ಲಿ ಇರುತ್ತಾರೆ, ಆ ಬೆಂಚು ಯಾರದೆಂದು ಹೇಳಬೇಕಾಗಿಲ್ಲ. ಈ ಪುಸ್ತಕ ಅವರಿಗೆ.

ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಮಕ್ಕಳಿಗೆಂದೇ ಬರೆದ ಕಾದಂಬರಿ, 2011ರ ಬಾಲ ಸಾಹಿತ್ಯ ಪುರಸ್ಕಾರ ಪಡೆದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆ ಮುಳುಗಿತು. ನಾಡಿಗೆ ಕರೆಂಟು ಬಂತು, ಊರು ಬಿಟ್ಟವರ ಮನೆಗೆ ಬಂತೋ ಇಲ್ಲವೋ. ಲೋಕೋಪಯೋಗಿ ಇಲಾಖೆಯಲ್ಲಿದ್ದು ಆ ಮುಳುಗಡೆಯನ್ನು ಹತ್ತಿರದಿಂದ ಕಂಡ ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಆರನೇ ಕ್ಲಾಸಿಗೆ ಇದು ಸರಿಯಾದ ಅಳತೆ. ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' (1972) ಕಿಟ್ಟಿ ಎಂಬ ಹುಡುಗನ ಕಣ್ಣಿನಲ್ಲೇ ನಡೆಯುತ್ತದೆ. ಎರಡು ಊರಿನ ಹಗೆ, ಒಡೆಯರ ಮನೆಯೊಳಗಿನ ಹೊಲಸು, ದೊಡ್ಡವರ ಕ್ರೌರ್ಯ ಎಲ್ಲವೂ ಆ ಹುಡುಗನ ಕಣ್ಣಿಗೆ ಬೀಳುತ್ತವೆ. ಎಂಟನೇ ಕ್ಲಾಸು ದಾಟುವಾಗ ಕೊಡಿ, ಅದಕ್ಕೂ ಮೊದಲು ಬೇಡ. ಮೇಷ್ಟ್ರು ಮೊದಲು ಓದಿರಲಿ. (ಓದದೆಯೇ ಹಂಚುವ ಮೇಷ್ಟ್ರು ಉಂಟು.)

ಹೆಣ್ಣುಮಕ್ಕಳ ಮಾತು ಬಂದರೆ ನಾವು ಪೇಚಿಗೆ ಬೀಳುತ್ತೇವೆ. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಇದೆ. 1980ರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ ಮನೆಮನೆಗೆ ತಲುಪಿದ ಕತೆ. ಅಪ್ಪನ ಹಟಕ್ಕೂ ತಲಾಖಿನ ಕಟ್ಟಳೆಗೂ ಸಿಕ್ಕಿ ನಲುಗುವ ನಾದಿರಾಳನ್ನು ಎಂಟನೇ ಕ್ಲಾಸಿನ ಹುಡುಗಿ ಅರ್ಥ ಮಾಡಿಕೊಳ್ಳಬಲ್ಲಳು. ಏಕೆಂದರೆ ಅವಳ ಮನೆಯಲ್ಲೂ ಮದುವೆಯ ಮಾತು ಶುರುವಾಗಿರುತ್ತದೆ. ಆದರೆ ಅದನ್ನು ಒಬ್ಬಳೇ ಮೂಲೆಯಲ್ಲಿ ಓದಲು ಬಿಡಬೇಡಿ, ಕೊನೆ ಕಠಿಣವಾಗಿದೆ. ಅಂದು ಎತ್ತಿನ ಪ್ರಶ್ನೆಗೆ ಉತ್ತರ ಕೊಟ್ಟ ಅದೇ ಹುಡುಗಿ ಒಮ್ಮೆ ನಮ್ಮ ಪುಸ್ತಕದ ಟ್ರಂಕು ಪೂರಾ ಕೆದಕಿ ಕೇಳಿದಳು: 'ಇದರೊಳಗ ಇಸ್ಕೂಲಿಗೋಗೊ ನಮ್ಮಂತ ಹುಡ್ಗಿ ಇಲ್ವ ಅಣ್ಣ?' ಬೆಳ್ಳಿ ಇದ್ದಾಳೆ, ಸಾಕವ್ವ ಇದ್ದಾಳೆ, ತಿಮ್ಮಿ ಇದ್ದಾಳೆ. ಚೀಲ ಹಾಕಿಕೊಂಡು ಹಟ್ಟಿಯಿಂದ ಊರಿನ ಶಾಲೆಗೆ ನಡೆದುಹೋಗುವ ಹನ್ನೆರಡು ವರ್ಷದವಳು ಆ ಟ್ರಂಕಿನಲ್ಲಿ ಇರಲಿಲ್ಲ. ನಾವು ಪದ್ಯ ಬರೆಯುವವರು. ಸಿಟ್ಟು ಬಂದಾಗ ಬರೆದು ಬಿಡುತ್ತೇವೆ. ಆ ಹುಡುಗಿಗೆ ಬೇಕಾದ್ದು ಇನ್ನೂರು ಪುಟ. ಅವಳೇ ಬರೆಯುವವರೆಗೆ ಕಾಯಿಸುವುದು ನ್ಯಾಯವಲ್ಲ.

ಪುಸ್ತಕ ಎಲ್ಲಿಂದ ತರುವುದು ಎಂದು ಕೇಳುವ ಮೇಷ್ಟ್ರಿಗೆ: 1965ರಲ್ಲೇ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದೆ. 2020ರಿಂದ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಡುವ ಕೆಲಸ ಶುರುವಾಯಿತು. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಹೆಸರು ಬರೆಸಿ, ಹಟ್ಟಿಯ ಮಕ್ಕಳನ್ನು ಮೊದಲು ನಿಲ್ಲಿಸಿ. ಅಲ್ಲಿ ಈ ಪುಸ್ತಕಗಳು ಇಲ್ಲದಿದ್ದರೆ ಬೇಡಿಕೆ ಬರೆದುಕೊಡಿ, ಬರೆದುಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಓದುವಾಗ ಒಬ್ಬರೇ ಓದಬೇಡಿ. ಪುಸ್ತಕ ಕೈಯಿಂದ ಕೈಗೆ ಹೋಗಲಿ, ಪುಟಕ್ಕೊಬ್ಬರು. ತಡವರಿಸುವ ಮಗುವಿನ ಸರದಿ ಬಂದಾಗ ಯಾರೂ ಬಾಯಿ ಹಾಕದಂತೆ ನೋಡಿಕೊಳ್ಳಿ. ಮಾತಿನ ಪಾತ್ರಗಳನ್ನು ಹಂಚುವಾಗ ಚೋಮನ ಮಾತನ್ನು ಊರಿನ ಹುಡುಗನಿಗೆ ಕೊಡಿ, ಒಡೆಯರ ಮಾತನ್ನು ನಮ್ಮವನಿಗೆ. ಏನಾಗುತ್ತದೆ ನೋಡಿ. ನಾವು ಭವನಕ್ಕೆ ಊರಿನ ಇಬ್ಬರು ಹುಡುಗರು ಬಂದ ದಿನ ಹಾಗೆ ಮಾಡಿದೆವು. ಒಡೆಯರ ಪಾತ್ರ ಸಿಕ್ಕ ಹುಡುಗ ಎರಡು ಸಾಲು ಗತ್ತಿನಲ್ಲಿ ಓದಿದ, ಮೂರನೆಯದಕ್ಕೆ ನಿಂತ. 'ಇದ ನಾನು ಅನ್ನಕಿಲ್ಲ ಕನಣ್ಣ' ಅಂದ. ಊರಿನ ಹುಡುಗ ಅವನ ಮುಖವನ್ನೇ ನೋಡುತ್ತಿದ್ದ. ಅವತ್ತು ಓದು ಅಲ್ಲಿಗೇ ನಿಂತಿತು, ಮಕ್ಕಳು ಆಡಲು ಹೋದರು. ಊರಿನ ಹುಡುಗರೂ ಹೋದರು.

ಮುಂದಿನ ತಿಂಗಳಿಂದ 'ಚಿರಸ್ಮರಣೆ' ಓದಬೇಕೆಂದಿದ್ದೇವೆ. ಇಪ್ಪತ್ತಮೂರು ಮಕ್ಕಳಿಗೆ ಇರುವುದು ಒಂದೇ ಪ್ರತಿ, ಅದಕ್ಕೂ ಕೊನೆಯ ಹಾಳೆಗಳಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪ್ರತಿ ಬಿದ್ದಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ರಟ್ಟು ಹರಿದಿದ್ದರೂ ಆದೀತು, ಕೊನೆಯ ಪುಟಗಳು ಇದ್ದರೆ ಸಾಕು.